ಹತ್ತು ಹೆಜ್ಜೆ ದೂರ

ನಾನು ಕಂಪಾಸು ಹೊರತೆಗೆದ ಕೂಡಲೇ ಸರ್ವೆಯಲ್ಲಿ ಸಾಮಾನು ಹೊತ್ತು ಅಳತೆಗೆ ನೆರವಾಗುವ ನಮ್ಮ ಚೈನ್‌ಮನ್ ಕಾಕಾ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ದೂರ ನಿಂದರ್ಲೇನ್ರಿ ಸಾಹೇಬ್ರ?”

ಉತ್ತರಕ್ಕೆ ಕಾಯುತ್ತಿರಲಿಲ್ಲ. ಹೆಗಲ ಮೇಲಿನ ರೇಂಜಿಂಗ್ ರಾಡುಗಳ ಸಮೇತ ಹತ್ತು ಹೆಜ್ಜೆ ಎಣಿಸಿಕೊಂಡು ಹಿಂದೆ ಸರಿದು ನಿಲ್ಲುತ್ತಿದ್ದರು. ರೇಂಜಿಂಗ್ ರಾಡು ಅಂದರೆ ಸರ್ವೆಯವರು ಗುರುತಿಗಾಗಿ ನೆಡುವ, ಕೆಂಪು ಬಿಳಿ ಪಟ್ಟೆ ಬಳಿದ ಕಬ್ಬಿಣದ ಕೊಳವೆ. ಕಬ್ಬಿಣ ಪಕ್ಕದಲ್ಲಿದ್ದರೆ ಕಂಪಾಸಿನ ಮುಳ್ಳು ಉತ್ತರವನ್ನು ಬಿಟ್ಟು ಬೇರೆ ಕಡೆ ವಾಲುತ್ತದೆ. ಇದು ಡಿಪ್ಲೊಮಾದ ಮೊದಲ ವರ್ಷದ ಪಾಠ. ಕಾಕಾನಿಗೆ ಆ ಪಾಠ ಹೇಳಿಕೊಟ್ಟವನು ನಾನೇ, ಅದೂ ಒಳ್ಳೆಯ ಮಾತಿನಲ್ಲಿ ಅಲ್ಲ. ಒಂಬತ್ತು ವರ್ಷದ ಹಿಂದೆ ಮನ್ಮಾಡಿನ ಹತ್ತಿರ ಒಂದು ಕೆಲಸದಲ್ಲಿ ಅವರು ರಾಡು ಹಿಡಿದುಕೊಂಡು ನನ್ನ ಮಗ್ಗುಲಲ್ಲೇ ನಿಂತಿದ್ದರಿಂದ ಇಡೀ ದಿನದ ಅಳತೆ ಕೆಟ್ಟುಹೋಗಿತ್ತು. ಹತ್ತು ಜನರೆದುರು ಬಾಯಿಗೆ ಬಂದಂತೆ ಬೈದಿದ್ದೆ. ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು. ಬಾಯಲ್ಲಿ ಕಾಕಾ ಅನ್ನುತ್ತಿದ್ದೆ, ಮಾತಾಡಿಸುತ್ತಿದ್ದುದು ಏಕವಚನದಲ್ಲಿ. ಅವತ್ತು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಮರುದಿನದಿಂದ ಈ ಪ್ರಶ್ನೆ ಶುರುವಾಯಿತು.

ಕಾಕಾ ಇಂಡಿ ಕಡೆಯವರು, ನಾನು ಬಾಗಲಕೋಟೆಯವನು. ನಾಸಿಕದ ನಮ್ಮ ಗುತ್ತಿಗೆ ಕಂಪನಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಉಳಿದವರ ಮುಂದೆ ಯಾರನ್ನಾದರೂ ಬೈಯಬೇಕಾದರೆ ನಮಗೆ ಬಹಳ ಅನುಕೂಲವಾಗುತ್ತಿತ್ತು. ಕಾಕಾ ಬೈಯುತ್ತಿರಲಿಲ್ಲ, ನಾನು ಬೈದದ್ದಕ್ಕೆ ನಗುತ್ತಿದ್ದರು.

ಹೋದ ವರ್ಷ ಮಳೆಗಾಲದಲ್ಲಿ ನಮಗೆ ಸಂಭಾಜಿನಗರ ಜಿಲ್ಲೆಯ ಉತ್ತರದ ಗುಡ್ಡಗಳಲ್ಲಿ ಕೆಲಸ ಬಿತ್ತು. ವಿದ್ಯುತ್ ಟವರುಗಳ ಸಾಲು ಎಲ್ಲಿ ಹಾದುಹೋಗಬೇಕು ಎಂದು ನಡೆದು ನೋಡಿ, ಟವರ್ ನಿಲ್ಲಿಸುವ ಜಾಗಕ್ಕೆ ಗೂಟ ಹೊಡೆದು ಬರುವ ಕೆಲಸ. ಗುಡ್ಡದ ತಲೆ ಮೇಲೆ ಒಂದು ದೊಡ್ಡ ಬಯಲು, ಮರಾಠಿಯಲ್ಲಿ ಪಠಾರ. ಅದರ ಉತ್ತರದ ಅಂಚು ಕಡಿದಾದ ಪ್ರಪಾತ. ಪೂರ್ವದಲ್ಲಿ ಎರಡು ಗುಡ್ಡಗಳ ನಡುವೆ ಒಂದು ಇಳಿಜಾರು ಕಣಿವೆ, ಅದಕ್ಕೆ ಅಲ್ಲಿಯವರು ಖಿಂಡ್ ಅನ್ನುತ್ತಾರೆ. ಜೀಪು ಬರುವುದು ಅಲ್ಲಿಯವರೆಗೆ ಮಾತ್ರ. ಬೇರೆ ದಾರಿ ಇಲ್ಲ.

ಈ ಕಾಲದಲ್ಲಿ ಕಂಪಾಸು ಯಾಕೆ ಎಂದು ಕೇಳಬಹುದು. ಉಪಗ್ರಹ ನೋಡುವ ಯಂತ್ರ ನಮ್ಮ ಹತ್ತಿರವೂ ಇತ್ತು. ಹಿಂದಿನ ದಿನ ಅದರೊಳಗೆ ನೀರು ಹೋಗಿ, ಒಣಗಲಿ ಎಂದು ಜೀಪಿನಲ್ಲೇ ಬಿಟ್ಟಿದ್ದೆ. ನನ್ನ ಮೊಬೈಲು ಬೆಳಿಗ್ಗೆಯೇ ಮಳೆಗೆ ಸತ್ತಿತ್ತು. ಹಾಗಿದ್ದರೆ ಕೆಲಸ ನಿಲ್ಲಿಸಿ ಇಳಿದುಬಿಡಬೇಕಿತ್ತು. ನಾನು ಇಳಿಯಲಿಲ್ಲ. ನನ್ನ ಹಿತ್ತಾಳೆಯ ಪ್ರಿಸ್ಮ್ಯಾಟಿಕ್ ಕಂಪಾಸಿನ ಬಗ್ಗೆ ನನಗೆ ವಿಪರೀತ ಜಂಬ. ಹೊಸ ಹುಡುಗರಿಗೆ ಪರದೆ ಆರಿದರೆ ಪೂರ್ವ ಪಶ್ಚಿಮ ಗೊತ್ತಾಗುವುದಿಲ್ಲ ಎಂದು ಆಡಿಕೊಳ್ಳುವುದು ನನಗೆ ಅಭ್ಯಾಸವಾಗಿತ್ತು.

ನಾವು ಐದು ಜನ ಇದ್ದೆವು. ನಾನು, ಕಾಕಾ, ಇಬ್ಬರು ಕೂಲಿಯವರು ಮತ್ತು ದಾರಿ ತೋರಿಸಲು ಕೆಳಗಿನ ಊರಿನ ಒಬ್ಬ ದನಗಾಹಿ. ಬೆಳಿಗ್ಗೆ ಖಿಂಡ್‌ನಿಂದ ಪಶ್ಚಿಮಕ್ಕೆ ನಡೆದು, ಹಳೆಯ ಸರ್ವೆಯವರು ಕಲ್ಲು ಪೇರಿಸಿ ಸುಣ್ಣ ಬಳಿದಿದ್ದ ಒಂದು ಗುರುತಿನ ಗುಪ್ಪೆ ಮುಟ್ಟಿದ್ದೆವು. ಆಗ ಬೆಳಕು ಚೆನ್ನಾಗಿತ್ತು. ಗುಪ್ಪೆಯ ಹತ್ತಿರ ನಿಂತು ಖಿಂಡ್‌ನ ಕಡೆ ಕಂಪಾಸು ಹಿಡಿದು ನೋಡಿದೆ. ತೊಂಬತ್ತೈದು ಡಿಗ್ರಿ, ಅಂದರೆ ಹೆಚ್ಚೂಕಡಿಮೆ ನೇರ ಪೂರ್ವ. ಹೆಜ್ಜೆಯಲ್ಲಿ ಮೂರು ಸಾವಿರ. ನಡುದಾರಿಯಲ್ಲಿ ಬಲಗಡೆ ಒಂದು ಸಣ್ಣ ಕೆರೆ. ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಕಾಕಾ ಹತ್ತು ಹೆಜ್ಜೆ ದೂರ ನಿಂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಹತ್ತೂವರೆಗೆ ಮಂಜು ಇಳಿಯಿತು. ಐವತ್ತು ಅರವತ್ತು ಹೆಜ್ಜೆ ಆಚೆಗಿನದು ಕಾಣದಷ್ಟು. ಹನ್ನೊಂದು ದಾಟಿದ ಮೇಲೆ, ಗುಪ್ಪೆಗೆ ಸ್ವಲ್ಪ ಪಶ್ಚಿಮಕ್ಕೆ, ಪಾಚಿ ಕಟ್ಟಿದ ಬಂಡೆಯ ಮೇಲಿಂದ ಕಾಕಾ ಜಾರಿದರು. ಎರಡಾಳೆತ್ತರ ಇರಬಹುದು. ಬಿದ್ದ ಸದ್ದು ಕೇಳಿ ನಾವು ಸುತ್ತಿ ಇಳಿದು ನೋಡಿದರೆ, ಅವರು ಎಡಗಡೆ ಪಕ್ಕೆ ಹಿಡಿದುಕೊಂಡು ಎದ್ದು ಕೂರಲು ನೋಡುತ್ತಿದ್ದರು. ರಕ್ತ ಎಲ್ಲೂ ಇಲ್ಲ. ಜೇಬಿನಲ್ಲಿದ್ದ ಮೊಬೈಲು ಎರಡು ಹೋಳಾಗಿತ್ತು.

“ಏನಾಗಿಲ್ರಿ ಸಾಹೇಬ್ರ. ಪಕ್ಕಡಿ ಹಿಡದೈತಿ ಅಷ್ಟ.”

ನಿಲ್ಲಿಸಿದೆವು. ಎರಡು ಹೆಜ್ಜೆಗೇ ಕಾಲು ಕುಸಿಯಿತು, ತುಟಿ ಬೆಳ್ಳಗಾಯಿತು. ಹೊಟ್ಟೆ ಮುಟ್ಟಿ ನೋಡಿದೆ, ಹಲಗೆ ಮುಟ್ಟಿದಂತಿತ್ತು. ಕಂಪನಿಯವರು ಕೊಟ್ಟಿದ್ದ ಎರಡು ದಿನದ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ನನಗೆ ನೆನಪಿದ್ದದ್ದು ಇದೊಂದೇ: ಹೊಟ್ಟೆ ಗಟ್ಟಿಯಾದರೆ ಒಳಗೆ ರಕ್ತ ಸುರಿಯುತ್ತಿದೆ, ಮನುಷ್ಯನಿಗೆ ಇರುವುದು ಕೆಲವೇ ತಾಸು. ನನಗೆ ಭಯವಾಯಿತು. ಭಯವಾದಾಗ ನಾನು ಜೋರಾಗಿ ಮಾತಾಡುತ್ತೇನೆ. ಎಲ್ಲರಿಗೂ ಒಂದೊಂದು ಅಪ್ಪಣೆ ಕೊಡಲು ಶುರುಮಾಡಿದೆ.

ದನಗಾಹಿಯ ಗುಂಡಿ ಒತ್ತುವ ಹಳೆಯ ಫೋನಿಗೆ ರೇಂಜ್ ಇರಲಿಲ್ಲ. ಕೂಲಿಯವರಲ್ಲಿ ಒಬ್ಬನ ಮೊಬೈಲಿನಲ್ಲಿ ನಕ್ಷೆ ತೆರೆಯಿತು, ಬೂದು ಪರದೆಯ ಮೇಲೆ ನೀಲಿ ಚುಕ್ಕೆಯೊಂದು ಕಾಣಿಸಿತು. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ಒಬ್ಬನನ್ನು ಮುಂದೆ ಓಡಿಸಿ ಜೀಪಿನ ಡ್ರೈವರನ್ನು ಕರೆಸೋಣ ಎಂದರೆ, ಈ ಮಂಜಿನಲ್ಲಿ ಅವನೇ ಕಳೆದುಹೋಗುವ ಭಯ, ಮತ್ತೆ ಹೊರಲು ಮೂರೇ ಜನ ಉಳಿಯುತ್ತಿದ್ದೆವು. ಕಾಕಾನನ್ನು ಹೊತ್ತು ಎಲ್ಲರೂ ಒಟ್ಟಿಗೇ ಹೋಗುವುದೆಂದು ತೀರ್ಮಾನಿಸಿದೆ.

ಸ್ಟ್ರೆಚರ್ ಮಾಡಿದ್ದು ನಾನೇ, ಮಾಡಿದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಆಯಿತು. ಸುಣ್ಣದ ಪುಡಿ ತಂದಿದ್ದ ಎರಡು ಗೋಣಿಚೀಲದ ತಳದ ಮೂಲೆಗಳನ್ನು ಕೊಯ್ದು, ಅದರೊಳಗೆ ಎರಡು ಉದ್ದದ ರೇಂಜಿಂಗ್ ರಾಡು ತೂರಿಸಿದೆ. ಮೇಲೆ ತಾಡಪತ್ರಿ ಹಾಸಿ ಹಗ್ಗದಿಂದ ಬಿಗಿದೆ. ಕಾಕಾ ನೆಲದ ಮೇಲೆ ಮಲಗಿಕೊಂಡೇ ನೋಡುತ್ತಿದ್ದರು.

“ಉಳದ ರಾಡ್ ಇಲ್ಲೇ ಬಿಡಬ್ಯಾಡ್ರಿ, ಎಣಿಸಿ ಇಟ್ಕೋರಿ,” ಅಂದರು.

ಹನ್ನೆರಡು ಗಂಟೆಯ ಸುಮಾರಿಗೆ ಸುಣ್ಣದ ಗುಪ್ಪೆಗೆ ಬಂದೆವು. ಇಲ್ಲಿಂದ ಲೆಕ್ಕ ಸರಳ. ಕಂಪಾಸಿನಲ್ಲಿ ತೊಂಬತ್ತೈದು ಹಿಡಿದು ಮೂರು ಸಾವಿರ ಹೆಜ್ಜೆ ನಡೆದರೆ ಖಿಂಡ್, ಖಿಂಡ್‌ನಲ್ಲಿ ಜೀಪು. ಹೊರುವವರು ನಾಲ್ಕೇ ಜನ, ಹಾಗಾಗಿ ನಾನೂ ಹೆಗಲು ಕೊಡಲೇಬೇಕಿತ್ತು. ಮುಂದಿನ ಎಡ ತುದಿ ನನ್ನದು. ಎಡಗೈಯಲ್ಲಿ ರಾಡು, ಬಲಗೈಯಲ್ಲಿ ಎದೆಯ ಹತ್ತಿರ ಕಂಪಾಸು. ಐವತ್ತು ಹೆಜ್ಜೆಗೊಮ್ಮೆ ನಿಂತು, ಮುಳ್ಳು ನಿಂತಮೇಲೆ ತೊಂಬತ್ತೈದು ಯಾವ ಕಡೆಗೆ ಬರುತ್ತದೋ ಆ ಕಡೆಯ ಒಂದು ಕಲ್ಲನ್ನೋ ಪೊದೆಯನ್ನೋ ಗುರುತು ಹಿಡಿದು ಮತ್ತೆ ನಡೆಯುವುದು.

ಮೊದಲ ಸಲ ನಿಂತು ಕಂಪಾಸಿನ ಮುಚ್ಚಳ ತೆಗೆದಾಗ ಹಿಂದಿನಿಂದ ಸಣ್ಣ ದನಿ ಬಂತು.

“ದೂರ ನಿಂದರ್ಲೇನ್ರಿ ಸಾಹೇಬ್ರ?”

ಕೂಲಿಯವರಿಗೆ ಕನ್ನಡ ಬಾರದು. ಏನಂತೆ ಎಂದು ನನ್ನ ಮುಖ ನೋಡಿದರು. ಭ್ರಮೆ ಹಿಡಿದಿದೆ ಎಂದು ಮರಾಠಿಯಲ್ಲಿ ಹೇಳಿದೆ. ನಡೆಯಲಾರದ ಮನುಷ್ಯ ದೂರ ನಿಲ್ಲುವ ಮಾತಾಡಿದರೆ ಭ್ರಮೆಯಲ್ಲದೆ ಇನ್ನೇನು ಅಂದುಕೊಂಡೆ. ನನ್ನ ಕರುಳು ಚುರ್ ಅಂದಿತು. ಬುದ್ಧಿ ಮಾತ್ರ ಚುರುಕಾಗಲಿಲ್ಲ.

ಒಂದು ಸಾವಿರ ಹೆಜ್ಜೆಯಾದ ಮೇಲೆ ಕೈ ಬದಲಿಸಲು ನಿಂತೆವು. ನಾನು ಕಂಪಾಸು ನೋಡುತ್ತಿದ್ದೆ. ಕಾಕಾ ಕಣ್ಣು ತೆರೆದಿದ್ದರು. ಕೈ ಎತ್ತಿ ನನ್ನ ಅಂಗಿಯ ತುದಿ ಹಿಡಿಯಲು ನೋಡಿದರು.

“ಸಾಹೇಬ್ರ... ದೂರ ನಿಂದರ್ಲೇನ್ರಿ?”

“ಸುಮ್ಮ ಮಲಕೋ ಕಾಕಾ. ಮಾತಾಡಬ್ಯಾಡ, ಶಕ್ತಿ ಉಳಿಸ್ಕೋ,” ಅಂದೆ. ದನಿ ಸ್ವಲ್ಪ ಗಡುಸಾಗಿಯೇ ಇತ್ತು. ಅವರು ಕೈ ಕೆಳಗೆ ಬಿಟ್ಟರು.

ಒಂದೂವರೆ ಸಾವಿರ ದಾಟಿತು. ದನಗಾಹಿ ಬಲಗಡೆಯೇ ನೋಡುತ್ತ ನಡೆಯುತ್ತಿದ್ದ.

“ಸಾಹೇಬ, ತಳಂ ಲಾಗಲಂ ನಾಹೀ ಅಜೂನ್,” ಅಂದ. ಕೆರೆ ಇನ್ನೂ ಸಿಗಲಿಲ್ಲವಲ್ಲ ಎಂದು ಅವನ ಪ್ರಶ್ನೆ. ಮಂಜಿನಲ್ಲಿ ಕೆರೆ ಹೇಗೆ ಕಾಣುತ್ತದೆ, ಕೈ ಬದಲಿಸುವಾಗ ದಾಟಿ ಬಂದಿರುತ್ತೇವೆ, ಮುಳ್ಳು ಸುಳ್ಳು ಹೇಳುವುದಿಲ್ಲ ಅಂದೆ. ಅವನು ಮತ್ತೆ ಮಾತಾಡಲಿಲ್ಲ. ನಾನು ಗದರಿದ ಮೇಲೆ ಜನ ಮತ್ತೆ ಮಾತಾಡುವುದಿಲ್ಲ, ಅದು ನನ್ನ ದೊಡ್ಡ ಸಾಧನೆ.

ಎರಡು ಸಾವಿರದ ಇನ್ನೂರನೇ ಹೆಜ್ಜೆಯ ಹತ್ತಿರ ದನಗಾಹಿ ಫಕ್ಕನೆ ನಿಂತು ರಾಡು ಹಿಂದಕ್ಕೆಳೆದ. ಸ್ಟ್ರೆಚರ್ ಇಳಿಸಿ ನಾನೊಬ್ಬನೇ ನಾಲ್ಕು ಹೆಜ್ಜೆ ಮುಂದೆ ಹೋದೆ. ಹುಲ್ಲು ಮುಗಿದಿತ್ತು. ಕಾಲಿಗೆ ತಾಗಿದ ಕಲ್ಲೊಂದು ಉರುಳಿ ಹೋಯಿತು, ಕೆಳಗೆ ಬಿದ್ದ ಸದ್ದೇ ಬರಲಿಲ್ಲ. ಕೆಳಗಿನಿಂದ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಪೂರ್ವದ ಖಿಂಡ್‌ಗೆ ಹೋಗಬೇಕಾದ ನಾವು ಉತ್ತರದ ಪ್ರಪಾತದ ಬಾಯಿಗೆ ಬಂದು ನಿಂತಿದ್ದೆವು. ಒಂದೂ ಮುಕ್ಕಾಲು ಗಂಟೆಯಾಗಿತ್ತು.

ಅಂಚಿನ ಗುಂಟ ಸ್ವಲ್ಪ ಸರಿದು ಕುಳಿತೆ. ಏನಾದರೂ ಮಾಡಬೇಕಲ್ಲ ಎಂದು, ನಡೆದುಬಂದ ದಾರಿಯ ಉಲ್ಟಾ ದಿಕ್ಕು ನೋಡೋಣವೆಂದು ಕಂಪಾಸನ್ನು ಕಣ್ಣಿಗೆ ಹಿಡಿದೆ. ನಮ್ಮ ಕಾಲಿಗೆ ಮಲಗಿದ್ದ ಹುಲ್ಲಿನ ಜಾಡು ಮಂಜಿನಲ್ಲೂ ಕಾಣುತ್ತಿತ್ತು. ತೊಂಬತ್ತೈದರಲ್ಲಿ ಬಂದಿದ್ದರೆ ಹಿಂದಕ್ಕೆ ಇನ್ನೂರ ಎಪ್ಪತ್ತೈದು ಬರಬೇಕು. ಇನ್ನೂರ ನಲವತ್ತೆಂಟು ಬಂತು. ಮುಳ್ಳು ಅಂಟಿಕೊಂಡಿರಬೇಕೆಂದು ಡಬ್ಬಿ ತಟ್ಟಿದೆ. ಅಷ್ಟೇ ಬಂತು. ಉಳಿದವರಿಗೆ ತೋರಿಸಲು ಎದ್ದು ಸ್ಟ್ರೆಚರ್ ಹತ್ತಿರ ಬಂದೆ, ಮುಳ್ಳು ಮೆಲ್ಲಗೆ ತಿರುಗಿತು. ಹಿಂದೆ ಸರಿದೆ, ಮತ್ತೆ ವಾಪಸ್ಸು ಬಂತು.

ಆಗ ಗೋಣಿಚೀಲದಿಂದ ಹೊರಗೆ ಚಾಚಿದ್ದ ಕೆಂಪು ಬಿಳಿ ಪಟ್ಟೆ ನೋಡಿದೆ.

ಹೇಗೆ ಮರೆತೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಇಷ್ಟು ವರ್ಷ ರಾಡುಗಳನ್ನು ದೂರ ಇಡುವ ಕೆಲಸ ನನ್ನದಾಗಿರಲಿಲ್ಲ. ಅದು ಕಾಕಾನ ಕೆಲಸ. ಅವರು ಕೇಳುತ್ತಿದ್ದರು, ಅವರೇ ಸರಿಯುತ್ತಿದ್ದರು. ನಾನು ಬರೀ ಮುಳ್ಳು ನೋಡುತ್ತಿದ್ದೆ. ರಾಡುಗಳನ್ನು ಚೀಲಕ್ಕೆ ತೂರಿಸಿದ ಮೇಲೆ ನನ್ನ ತಲೆಯಲ್ಲಿ ಅವು ರಾಡಾಗಿ ಉಳಿಯಲಿಲ್ಲ, ಹಾಸಿಗೆಯಾದವು. ಕಾಕಾನ ತಲೆಯಲ್ಲಿ ಮಾತ್ರ ಅವು ರಾಡಾಗಿಯೇ ಉಳಿದಿದ್ದವು. ನೋವು ತಿನ್ನುತ್ತ, ಮಲಗಿದಲ್ಲಿಂದಲೇ ಎರಡು ಸಲ ನನಗೆ ಹೇಳಿದ್ದರು.

ಓಡಿಹೋಗಿ ಅವರ ಪಕ್ಕ ಮಂಡಿಯೂರಿದೆ. “ಕಾಕಾ, ನೀ ಹೇಳಿದ್ದು ತಿಳೀತು. ತಪ್ಪಾತು,” ಅಂದೆ. ಕಣ್ಣು ಅರ್ಧ ಮುಚ್ಚಿತ್ತು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ನಾಡಿ ಕೈಗೆ ಸಿಗಲು ಹೊತ್ತು ಹಿಡಿಯಿತು.

ದನಗಾಹಿ ಅಂಚಿನ ಗುಂಟ ಹೋಗಿ ನೋಡಿ ಬಂದ. “ಇಥೂನ್ ಘಳೀನಂ ಉತರೂ, ಸಾಹೇಬ. ಖಾಲೀ ವಾಡೀ ಆಹೇ,” ಅಂದ. ಇಲ್ಲಿಂದ ಕೊರಕಲಲ್ಲಿ ಇಳಿಯೋಣ, ಕೆಳಗೆ ಮನೆಗಳಿವೆ ಎಂಬುದು ಅವನ ಸಲಹೆ. ಹೋಗಿ ನೋಡಿದೆ. ನೀರು ಧುಮುಕುತ್ತಿದ್ದ ಇಕ್ಕಟ್ಟಾದ ಸೀಳು. ಒಬ್ಬೊಬ್ಬರೇ ಕೈಯೂರಿ ಇಳಿಯಬಹುದು, ಮಲಗಿದ ಮನುಷ್ಯನನ್ನು ಇಳಿಸುವುದಾದರೆ ಬೆನ್ನಿಗೆ ಕಟ್ಟಿಕೊಳ್ಳಬೇಕು. ಇನ್ನೊಂದು ಉಪಾಯ, ಇಲ್ಲಿಂದಲೇ ಲೆಕ್ಕ ಹಾಕಿ ಖಿಂಡ್‌ಗೆ ಅಡ್ಡ ಹೊಡೆಯುವುದು. ಅದಕ್ಕೆ ನಾನು ಎಣಿಸಿದ ಹೆಜ್ಜೆ ಸರಿಯಿರಬೇಕು, ಮುಳ್ಳು ದಾರಿಯುದ್ದಕ್ಕೂ ಇಷ್ಟೇ ತಪ್ಪಿರಬೇಕು. ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಉಳಿದಿರಲಿಲ್ಲ. ದಾರಿ ತಪ್ಪಿದವರು ಕೊನೆಯ ಗೊತ್ತಿರುವ ಜಾಗಕ್ಕೆ ಮರಳಬೇಕು ಎಂದು ಕಲಿತಿದ್ದೆ. ಹುಲ್ಲಿನ ಜಾಡು ಸುಣ್ಣದ ಗುಪ್ಪೆಯವರೆಗೆ ಕರೆದೊಯ್ಯುತ್ತಿತ್ತು. ವಾಪಸ್ಸು ಹೋಗೋಣ ಅಂದೆ. ಕೂಲಿಯವರಲ್ಲಿ ಕಿರಿಯವನು ಅಳಲು ಶುರುಮಾಡಿದ. ಅವನ ಅಂಗೈ ಒಡೆದು ರಕ್ತ ಬರುತ್ತಿತ್ತು.

ಮೂರು ಗಂಟೆಗೆ ಗುಪ್ಪೆಯ ಹತ್ತಿರ ಬಂದೆವು. ಈ ಸಲ ಕ್ರಮ ಬದಲಿಸಿದೆ. ಸ್ಟ್ರೆಚರ್ ಇಳಿಸಿ, ನಾನು ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಹೋಗಿ ಕಂಪಾಸು ಹಿಡಿಯುವುದು. ಕೈಗಡಿಯಾರ, ಬೆಲ್ಟು ಎರಡೂ ಬಿಚ್ಚಿಟ್ಟಿದ್ದೆ. ದನಗಾಹಿ ಮುಂದೆ ನಡೆಯುವುದು, ಮಂಜಿನಲ್ಲಿ ಮಸುಕಾಗುವ ಹೊತ್ತಿಗೆ ಕೂಗಿ ನಿಲ್ಲಿಸುವುದು, ಎಡಕ್ಕೆ, ಬಲಕ್ಕೆ ಎಂದು ಸರಿಸುವುದು, ನಿಂತಲ್ಲಿ ಪೊದೆಗೆ ಕೆಂಪು ಬಟ್ಟೆ ಕಟ್ಟಿಸುವುದು. ಅವನು ವಾಪಸ್ಸು ಬಂದ ಮೇಲೆ ನಾಲ್ವರೂ ಹೊತ್ತು ಆ ಬಟ್ಟೆಯವರೆಗೆ ನಡೆಯುವುದು. ಮತ್ತೆ ಇಳಿಸುವುದು. ಒಂದೊಂದು ಸಲಕ್ಕೂ ಸಿಗುತ್ತಿದ್ದದ್ದು ಐವತ್ತು ಅರವತ್ತು ಹೆಜ್ಜೆ. ಪ್ರತಿ ಸಲ ಕಂಪಾಸು ತೆಗೆದಾಗಲೂ ಹಿಂದಿನಿಂದ ಆ ಪ್ರಶ್ನೆ ಬರಲಿ ಎಂದು ಕಾಯುತ್ತಿದ್ದೆ. ಬರಲಿಲ್ಲ. ನರಳುವ ಸದ್ದು ಇರುವವರೆಗೆ ಧೈರ್ಯವಿತ್ತು. ಕೆರೆ ಬಲಗಡೆಗೆ ಬರಬೇಕಾದಲ್ಲೇ ಬಂತು. ದನಗಾಹಿ ಅದನ್ನು ನೋಡಿದ, ನನ್ನನ್ನು ನೋಡಲಿಲ್ಲ.

ಐದೂಕಾಲಿಗೆ ಖಿಂಡ್ ಮುಟ್ಟಿದೆವು. ಸಂಭಾಜಿನಗರದ ಆಸ್ಪತ್ರೆ ಸೇರಿದಾಗ ಏಳು ದಾಟಿತ್ತು. ಆಪರೇಷನ್ ಕೋಣೆಗೆ ಒಯ್ಯುವ ತಯಾರಿ ನಡೆದಿರುವಾಗಲೇ ಕಾಕಾ ಹೋದರು. ಗುಲ್ಮ, ಅಂದರೆ ಎಡಪಕ್ಕೆಯ ಕೆಳಗಿನ ಸ್ಪ್ಲೀನ್, ಒಡೆದಿತ್ತು, ಒಳಗೆಲ್ಲ ರಕ್ತ ತುಂಬಿತ್ತು ಅಂದರು. ನಾನು ಡಾಕ್ಟರರನ್ನು ಕೇಳಿದೆ, ಮೂರು ತಾಸು ಮೊದಲು ತಂದಿದ್ದರೆ ಏನಾಗುತ್ತಿತ್ತು ಎಂದು. ಅವರು ನನ್ನ ಕೆಸರಿನ ಕಾಲು ನೋಡಿದರು. ಆ ಪ್ರಶ್ನೆಯಿಂದ ಈಗ ನಿಮಗೆ ಉಪಯೋಗವಿಲ್ಲ, ಕುಳಿತುಕೊಳ್ಳಿ ಅಂದರು.

ಸಂಭಾಜಿನಗರದ ಹತ್ತಿರದ ಗಂಗಾಪುರದಲ್ಲಿ ಅವರ ಮನೆ. ಮಣ್ಣಿಗೆ ಹೋಗಿ ಬಂದೆ. ನಾಸಿಕಕ್ಕೆ ಮರಳಿದ ಮೇಲೆ ಕಂಪನಿಯ ಮ್ಯಾನೇಜರ್ ವರದಿ ಕೇಳಿದರು. ತಡವಾದದ್ದಕ್ಕೆ ಕಾರಣ ಎಂಬ ಸಾಲಿನ ಮೇಲೆ ನನ್ನ ಪೆನ್ನು ನಿಂತದ್ದು ನೋಡಿ, “ಕೋಹರಾ ಲಿಖ್ ದೀಜಿಯೇ,” ಅಂದರು. ಮಂಜು ಎಂದು ಬರೆಯಿರಿ, ಅಷ್ಟೇ ಸಾಕು. ಬರೆದೆ. ಅದು ಸುಳ್ಳೂ ಆಗಿರಲಿಲ್ಲ, ಮಂಜಂತೂ ಇತ್ತು. ಮರುದಿನ ಆಫೀಸಿನಲ್ಲಿ ಎರಡು ಜನ ನನ್ನ ಬೆನ್ನು ತಟ್ಟಿದರು. ಅಂಥ ಮಂಜಿನಲ್ಲಿ ಬರೀ ಕಂಪಾಸಿನ ಮೇಲೆ ಐದು ಜನರನ್ನು ಹೊರಗೆ ತಂದೆಯಲ್ಲ ಅಂದರು.

ತಿಂಗಳಾದ ಮೇಲೆ, ಕಂಪನಿಯ ಕೆಲವು ಕಾಗದಗಳಿಗೆ ಸಹಿ ಹಾಕಿಸಲು ಗಂಗಾಪುರಕ್ಕೆ ಹೋದೆ. ಮಧ್ಯಾಹ್ನ. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಕಾಕಾನ ಫೋಟೊ. ಕಾಲೇಜು ಓದುವ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಕಾಗದ ಓದಿ, ಎಲ್ಲಿ ಸಹಿ ಎಂದು ಅಮ್ಮನಿಗೆ ಮರಾಠಿಯಲ್ಲಿ ತೋರಿಸಿದಳು. ಕಾಕಾನ ಹೆಂಡತಿ, ನಾನು ಕಾಕು ಅನ್ನುತ್ತಿದ್ದವರು, ಸಹಿ ಹಾಕಿದರು, ಒಳಗೆ ಹೋಗಿ ಚಹಾ ಮಾಡಿ ತಂದಿಟ್ಟರು. ಎದುರಿಗೆ ನೆಲದ ಮೇಲೆ ಕುಳಿತು ಕೇಳಿದರು.

“ಸಾಹೇಬ್ರ, ಕಡೀಕ ಏನರ ಮಾತಾಡಿದ್ರೇನ್ರಿ ಅವ್ರು?”

ಹೆಂಡತಿಯ ಹೆಸರು ಹಿಡಿದರು, ಮಗಳನ್ನು ನೆನೆದರು, ಏನು ಹೇಳಿದ್ದರೂ ನಡೆಯುತ್ತಿತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಂಥ ಒಂದು ಮಾತನ್ನು ತಯಾರಿಯೂ ಮಾಡಿಕೊಂಡಿದ್ದೆ. ಬಾಯಿಗೆ ಅದು ಬರಲಿಲ್ಲ.

“ದೂರ ನಿಂದರ್ಲೇನ್ರಿ ಅಂದ್ರು, ಕಾಕು,” ಅಂದೆ. ಕಾಕಾನಿಗೆ ನನ್ನ ಬಾಯಲ್ಲಿ ಮೊದಲ ಸಲ ಬಹುವಚನ ಬಂದಿತ್ತು.

ಇದರ ಅರ್ಥ ಅವರಿಗೆ ತಿಳಿಯಲಿಕ್ಕಿಲ್ಲ, ಭ್ರಮೆಯ ಮಾತು ಅಂದುಕೊಳ್ಳುತ್ತಾರೆ ಎಂದು ಒಂದು ಕ್ಷಣ ಆಸೆಪಟ್ಟೆ. ಕಾಕು ಹಾಗೆ ಅಂದುಕೊಳ್ಳಲಿಲ್ಲ.

“ಮನ್ಯಾಗ ಹೇಳ್ತಿದ್ರು. ನಮ್ಮ ಸಾಹೇಬ್ರು ಮುಳ್ಳು ನೋಡೂಮುಂದ ಕಬ್ಬಿಣ ಹತ್ರ ಇರಬಾರದು, ನಾನ ನೆನಪಿಟ್ಟು ದೂರ ಹೋಗಬೇಕು ಅಂತ.” ನಿಲ್ಲಿಸಿ ನನ್ನ ಮುಖ ನೋಡಿದರು. “ಮಣ್ಣಿನ ದಿನ ಕೂಲಿಯವ್ರು ಹೇಳಿದ್ರು, ಅವ್ರನ್ನ ಹೊತ್ತಿದ್ದು ಅದ ರಾಡಿನ ಮ್ಯಾಲಲ್ರಿ?”

“ಹೌದ್ರಿ.”

“ಹಂಗಂದ್ರ ಅವ್ರಿಗೆ ಗೊತ್ತಾಗಿತ್ತು.”

“ಹೌದ್ರಿ. ಎರಡು ಸಲ ಹೇಳಿದ್ರು. ನನಗ ತಿಳೀಲಿಲ್ಲ. ಅದಕ್ಕ ದಾರಿ ತಪ್ಪಿತು. ಮಂಜಿನಿಂದ ಅಲ್ರಿ.”

ಮಗಳು ಕಾಗದ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

“ನೀವು ಏನಂದ್ರಿ ಅವ್ರಿಗೆ?” ಎಂದು ಕಾಕು ಕೇಳಿದರು.

“ಸುಮ್ಮ ಮಲಕೋ ಅಂದೆ.”

ಕಾಕು ಗೋಡೆಯ ಫೋಟೊದ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

“ನೀವಂದಂಗ ಸುಮ್ಮ ಮಲಗ್ಯಾರ ನೋಡ್ರಿ,” ಅಂದರು.

ಆಮೇಲೆ ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು. “ಕುಡೀರಿ, ಆರತೈತಿ.”

ನಾನು ಕುಡಿದೆ.